ಬೇರೆಯವರ ಫೋನಿನಲ್ಲಿ ಅಣ್ಣನ ಅಂಗಡಿ

ಆ ದಿನವೂ ಅಣ್ಣ ಎಳನೀರು ಮಾರುವವರ ಫೋನಿಗೆ ಕೈಚಾಚಿದ. "ಒಂದ್ನಿಮಿಷ ಕೊಡಿ ಸಾರ್, ಎತ್ಕೊಂಡು ಓಡೋಗಲ್ಲ. ಬೇಕಾದ್ರೆ ನನ್ ತಂಗೀನ ಇಲ್ಲೇ ನಿಲ್ಸಿರ್ತೀನಿ" ಎಂದ. ಅವರು ನಗುತ್ತ ಕೈ ಒರೆಸಿಕೊಂಡು ಕೊಟ್ಟರು. ಅಣ್ಣ ಅದಕ್ಕೆ "ಹೊಲಿಗೆ ಮಿಷನ್ ರಿಪೇರಿ" ಎಂದು ಬಾಯಲ್ಲೇ ಹೇಳಿ, ಕನ್ನಡಕ ಹಣೆಗೇರಿಸಿ ಕಾದ. ಹುಡುಕಿ ಬಂದ ಪಟ್ಟಿಯನ್ನು ಒಂದಷ್ಟು ಸರಿಸಿದ ಮೇಲೆ ನಮ್ಮ ಅಂಗಡಿ ಕಾಣಿಸಿತು. "ಹೋದ ವಾರಕ್ಕಿಂತ ಮೇಲೆ ಬಂದಿದೀವಿ ಕಣೇ" ಎಂದು ನನ್ನ ಕಡೆ ನೋಡಿದ.

ಅಂಗಡಿಗೆ ಬಂದು ನಮ್ಮ ವೆಬ್‌ಸೈಟಿಗೆ ಹೊಸ ಪುಟ ಬರೆಯಲು ಕೂತೆವು. ಕೆಳಗಿನ ದಾರ ಯಾಕೆ ಗಂಟು ಕಟ್ಟುತ್ತದೆ ಎಂಬುದು ವಿಷಯ. ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. "ಮೂರು ಕಾರಣ ಅಂತ ಬರಿ" ಎಂದ. ಮೇಲಿನ ದಾರ, ಅದನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಸರಿಯಾಗಿ ಕೂತಿರುವುದಿಲ್ಲ. ಕೆಳಗಿನ ದಾರ ಕೂರುವ ಬಾಬಿನ್ ಪೆಟ್ಟಿಗೆಯಲ್ಲಿ ನೂಲಿನ ಧೂಳು ತುಂಬಿರುತ್ತದೆ. ಅಷ್ಟರಲ್ಲಿ ಒಬ್ಬ ಹೆಂಗಸು ಮಿಷನ್ ತಲೆಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಬಂದರು. "ಮೂರನೇದು ನಾಳೆ ಹೇಳ್ತೀನಿ. ಅದನ್ನ ಮಿಷನ್ ಬಿಚ್ಚಿ ತೋರಿಸ್ಬೇಕು" ಎಂದು ಎದ್ದ.

ಮರುದಿನ ಬೆಳಿಗ್ಗೆ ಎದೆನೋವು ಎಂದ. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದಾಗ ಜೀವ ಇರಲಿಲ್ಲ.

ಮೊದಲು ಕಾಡುಗೋಡಿಯ ದೊಡ್ಡ ರಸ್ತೆಯಲ್ಲಿದ್ದಾಗ ನಮ್ಮ ಅಂಗಡಿಗೆ ಬೋರ್ಡೇ ಸಾಕಾಗಿತ್ತು. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಯಲ್ಲೇ ಬ್ಲೌಸ್ ಹೊಲಿಯುವವರು ಬಸ್ಸಿನಿಂದಿಳಿದು ನೇರ ಬರುತ್ತಿದ್ದರು. ಮೆಟ್ರೋ ಕೆಲಸಕ್ಕೆ ಆ ಕಟ್ಟಡ ಹೋದ ಮೇಲೆ ಹಿಟ್ಟಿನ ಗಿರಣಿಯ ಹಿಂದಿನ ಓಣಿಗೆ ಬಂದೆವು. ಅಲ್ಲಿಗೆ ದಾರಿ ಕೇಳಿಕೊಂಡು ಬರುವಷ್ಟು ತಾಳ್ಮೆ ಯಾರಿಗಿದೆ? ಇಡೀ ದಿನ ಗಿರಣಿಯ ಸದ್ದು ಕೇಳುತ್ತ ಕೂತಿರುತ್ತಿದ್ದೆವು. ಬೇರೆ ಮೆಕ್ಯಾನಿಕ್‌ಗಳು ಫ್ಯಾಕ್ಟರಿ ಸೇರಿಕೊಂಡಿದ್ದರು. ಅಣ್ಣನನ್ನೂ ಕರೆದರು. "ದೀಪಾವಳಿವರೆಗೂ ನೋಡ್ತೀನಿ. ಆಗ್ಲೂ ಜನ ಬರ್ಲಿಲ್ಲ ಅಂದ್ರೆ ಬೀಗ ಹಾಕಿ ನಾನೂ ಹೋಗ್ತೀನಿ" ಎಂದಿದ್ದ. ಬೀಗ ಎನ್ನುವಾಗ ಅವನ ದನಿ ಇಳಿಯುತ್ತಿತ್ತು.

ವೆಬ್‌ಸೈಟ್ ಮಾಡಿಕೊಟ್ಟವಳು ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ದಿವ್ಯಾ. ಟೆಕ್ ಪಾರ್ಕಿನಲ್ಲಿ ಕೆಲಸ, ಭಾನುವಾರ ನಮ್ಮ ಮನೆಯಲ್ಲಿ ಊಟ. ಸೈಟ್ ಶುರುವಾದ ಸ್ವಲ್ಪ ದಿನಕ್ಕೆ ಅಣ್ಣ ಓಣಿಯವರಿಗೆಲ್ಲ ಪೇಡ ಹಂಚಿಬಿಟ್ಟ. ಹುಡುಕಿದರೆ ನಮ್ಮ ಅಂಗಡಿಯೇ ಮೊದಲು ಬರುತ್ತದೆಯಂತೆ. ಗಿರಣಿಯವರು ಎರಡನೇ ಪೇಡಕ್ಕೂ ಕೈಯೊಡ್ಡಿದರು. ಸಂಜೆ ದಿವ್ಯಾ ಅವನ ಫೋನ್ ನೋಡಿ ತುಟಿ ಕಚ್ಚಿಕೊಂಡಳು.

"ಅಂಕಲ್, ದಿನಾ ಬೆಳಿಗ್ಗೆ ಎದ್ದು ನಮ್ಮ ಸೈಟನ್ನೇ ಹುಡುಕಿ ಒತ್ತುತ್ತೀರಾ?"

"ಹೂಂ ಕಣಮ್ಮ. ದೇವರಿಗೆ ಕೈಮುಗಿದ ತಕ್ಷಣ ಅದೇ ಕೆಲ್ಸ."

"ಅದಕ್ಕೇ ನಿಮ್ಮ ಫೋನಿಗೆ ಅಭ್ಯಾಸ ಆಗಿಬಿಟ್ಟಿದೆ. ಅಂಗಡಿ ಒಳಗೇ ಕೂತು ಬೇರೆ ಹುಡುಕ್ತೀರಾ. ನಿಮಗೆ ಮಾತ್ರ ಮೊದಲು ತೋರಿಸ್ತಿದೆ."

ಅಣ್ಣ ಖಾಲಿ ಡಬ್ಬಿ ನೋಡಿ, "ಪೇಡ ವಾಪಸ್ ಕೇಳೋಕಾಗುತ್ತಾ?" ಎಂದ. ನಾವು ಮೂವರೂ ನಕ್ಕೆವು. ಬೇರೆಯವರ ಫೋನ್ ಕೇಳುವ ಚಾಳಿ ಶುರುವಾದದ್ದು ಆಮೇಲೆಯೇ. ಮೆಟ್ರೋದಲ್ಲಿ ಪಕ್ಕ ಕೂತವರನ್ನೂ ಬಿಡುತ್ತಿರಲಿಲ್ಲ. ನನಗೆ ನಾಚಿಕೆಯಾಗಿ ಬೇರೆ ಸೀಟಿಗೆ ಹೋಗಿ ಕೂರುತ್ತಿದ್ದೆ. ಜನ ಬೈದದ್ದು ಮಾತ್ರ ನಾನು ಕಾಣೆ. ಅವನ ಮುಖವೇ ಹಾಗಿತ್ತು.

ಸೈಟಿನಲ್ಲಿ ಮೊದಲು ಇದ್ದದ್ದು ಒಂದು ಫೋಟೋ, ವಿಳಾಸ, ಕೆಲವು ದೊಡ್ಡ ಇಂಗ್ಲಿಷ್ ಪದ. ಜನ ಏನು ಕೇಳುತ್ತಾರೋ ಅದಕ್ಕೆ ಉತ್ತರ ಸೈಟಿನಲ್ಲಿರಬೇಕು, ಆಗ ಮೇಲೆ ಬರುತ್ತದೆ ಎಂದು ದಿವ್ಯಾ ಹೇಳಿಕೊಟ್ಟಳು. ಅದು ಅಣ್ಣನಿಗೆ ಬಹಳ ಹಿಡಿಸಿತು. ಜನ ಕೇಳುವುದನ್ನಂತೂ ಅವನು ದಿನವೂ ಕೇಳಿಸಿಕೊಳ್ಳುತ್ತಿದ್ದನಲ್ಲ. "ದಾರ ಕಿತ್ಕೊಂಡು ಓಯ್ತದೆ", "ಪೆಡ್ಲು ಬಿಗಿ ಆಗೈತೆ", ಇಂಥವನ್ನೇ ತಲೆಬರಹ ಮಾಡಿದ. ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳುತ್ತಿದ್ದ.

"ಎಲ್ಲಾ ಹೇಳ್ಕೊಟ್ರೆ ಅಂಗಡಿಗ್ಯಾರು ಬರ್ತಾರೆ?" ಎಂದು ನಾನು ಕೇಳಿದೆ.

"ಸೂಜಿ ಉಲ್ಟಾ ಹಾಕಿರೋದಕ್ಕೆಲ್ಲ ಪಾಪ ಆ ತೂಕ ಹೊತ್ಕೊಂಡು ಇಲ್ಲೀತನಕ ಬರ್ಬೇಕಾ? ನೀನು ಬರಿಯೇ ಸುಮ್ನೆ."

ಈ ವರ್ಷ ಅಣ್ಣನಿಲ್ಲದೆ ದೀಪಾವಳಿ ಬಂದು ಹೋಯಿತು. ಬೀಗ ಹಾಕಲಿಲ್ಲ. ಬೆಲ್ಟ್ ಬದಲಿಸುವುದು, ಎಣ್ಣೆ ಬಿಡುವುದು ನನಗೆ ಬರುತ್ತದೆ. ದೊಡ್ಡ ರಿಪೇರಿಗೆ ಅಣ್ಣನ ಗೆಳೆಯರೊಬ್ಬರು ಫ್ಯಾಕ್ಟರಿ ಮುಗಿಸಿ ಸಂಜೆ ಬರುತ್ತಾರೆ. ಬೆಳ್ಳಂದೂರಿನಿಂದಲೂ ಜನ ಓಣಿ ಹುಡುಕಿಕೊಂಡು ಬರುತ್ತಿದ್ದಾರೆ. ಮೊನ್ನೆ ಒಬ್ಬರು ಆಟೋದಿಂದಿಳಿದು, ಸೈಟಿನಲ್ಲಿದ್ದ ಅಣ್ಣನ ಫೋಟೋವನ್ನೂ ನನ್ನನ್ನೂ ನೋಡಿ, "ಇವ್ರಿಲ್ವಾ ಅಕ್ಕ?" ಎಂದರು. ಇಲ್ಲ ಎಂದೆ. ಹೊರಗೆ ಹೋಗಿದ್ದಾರೆ ಎಂದುಕೊಂಡರೋ ಏನೋ, ಕಾಯುತ್ತೇನೆಂದು ಸ್ಟೂಲಿನ ಮೇಲೆ ಕೂತರು. ನಾನೇ ಹೇಳಬೇಕಾಯಿತು.

ಅವರು ಹೋಗುವ ಮುಂಚೆ ಒಂದು ನಿಮಿಷಕ್ಕೆಂದು ಅವರ ಫೋನ್ ಕೇಳಿ ಪಡೆದೆ. ನನಗೆ ಅದು ಮೊದಲನೆಯ ಸಲ. ಅಣ್ಣ ಹೇಳುತ್ತಿದ್ದ ಹಾಗೆಯೇ ಅದಕ್ಕೆ "ಹೊಲಿಗೆ ಮಿಷನ್ ರಿಪೇರಿ" ಎಂದೆ. ಎಲ್ಲರಿಗಿಂತ ಮೇಲೆ ನಮ್ಮ ಅಂಗಡಿ ಬಂತು. ನಮ್ಮ ಸೈಟ್ ನೋಡಿದ್ದ ಫೋನು, ಅದೂ ಅಂಗಡಿಯೊಳಗೇ; ದಿವ್ಯಾ ಇದನ್ನು ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ. ಅವರು ಓದಿಕೊಂಡು ಬಂದಿದ್ದ ಪುಟವೂ ತೆರೆದೇ ಇತ್ತು, ಕೆಳಗಿನ ದಾರದ್ದು, ಅಣ್ಣ ಹೇಳಿದಷ್ಟನ್ನೇ ನಾನು ಸೈಟಿಗೆ ಹಾಕಿದ್ದು. "ಮೂರು ಅಂತ ಹಾಕಿದೀರಾ, ಎರಡೇ ಇದೆಯಲ್ಲ ಅಕ್ಕ" ಎಂದರು.

ಅಣ್ಣನ ಗೆಳೆಯರನ್ನು ಕೇಳಿದ್ದೆ. ತಮಗೆ ತಿಳಿದದ್ದನ್ನು ಹೇಳಿದರು. ಸರಿಯೇ ಇರಬಹುದು. ಅಣ್ಣ ಬಿಚ್ಚಿ ತೋರಿಸಬೇಕೆಂದಿದ್ದದ್ದು ಅದೇನಾ, ನನಗೆ ಗೊತ್ತಿಲ್ಲ. ಹಾಗಾಗಿ ಬರೆದಿಲ್ಲ. ಆ ಪುಟದಲ್ಲಿ ಮೂರನೆಯ ಕಾರಣ ಇನ್ನೂ ಇಲ್ಲ.