ಟೇಪ್ ಸುತ್ತಿದ ಬಟನ್

ಬಸವರಾಜಪ್ಪನವರ ಎಡಗೈ ಮತ್ತೆ ಪ್ರೆಸ್ಸಿನ ಬಾಯೊಳಗೆ ಹೋಯಿತು. ಪ್ರೆಸ್ ಇದ್ದದ್ದು ಅವರು ತೊಟ್ಟ ವಿ.ಆರ್. ಕನ್ನಡಕದೊಳಗೆ ಮಾತ್ರ, ಕೈ ಆಡುತ್ತಿದ್ದದ್ದು ಅಬ್ಬಿಗೆರೆಯ ಕಾರ್ಖಾನೆಯೊಂದರ ಊಟದ ಕೋಣೆಯ ಬರೀ ಗಾಳಿಯಲ್ಲಿ. ತಗಡು ಒತ್ತುವ ಯಂತ್ರಕ್ಕೆ ಬೆರಳು ಕೊಡದಂತೆ ಕಾರ್ಮಿಕರಿಗೆ ಕಲಿಸುವ ಆ ಪಾಠವನ್ನು ವಿನ್ಯಾಸ ಮಾಡಿದವಳು ನಾನು.

ಎರಡು ಬಟನ್‌ಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಆಗ ಯಾವ ಕೈಯೂ ಅದರಡಿ ಇರಲು ಸಾಧ್ಯವಿಲ್ಲ. ಅವರು ಬಲಗಡೆಯದನ್ನಷ್ಟೇ ಒತ್ತುತ್ತಿದ್ದರು. ಕೈಗಳನ್ನು ಗುರುತಿಸುವ ಕನ್ನಡಕದ ಕ್ಯಾಮೆರಾವೇ ಎಡಗೈಯ ಚಲನೆಯನ್ನು ತಪ್ಪಾಗಿ ಹಿಡಿಯುತ್ತಿದೆ ಎಂದುಕೊಂಡು ಮೂರು ಸಲ ಹೊಂದಿಸಿದೆ. ಕೊನೆಗೆ ತಾಳ್ಮೆಗೆಟ್ಟು, "ಎರಡೂ ಒತ್ರೀ ಸರ್" ಎಂದೆ.

"ನಮ್ಮ ಮಷೀನಿನ್ಯಾಗ ಎಡಗಡೆ ಬಟನ್ ಒತ್ತಿ ಟೇಪ್ ಸುತ್ತಿಟ್ಟಾರ್ರೀ ಮೇಡಂ," ಎಂದರು ಅವರು. "ಬಲಗೈಲೆ ಒತ್ತಿ ಎಡಗೈಲೆ ತಗಡು ಇಡತೀವ್ರೀ. ಎರಡೂ ಕೈಲೆ ಒತ್ತಕೋತ ನಿಂತ್ರ ಟಾರ್ಗೆಟ್ ಮುಟ್ಟಂಗಿಲ್ರೀ."

ಪಕ್ಕದಲ್ಲಿದ್ದ ಕಾರ್ಖಾನೆಯ ಮ್ಯಾನೇಜರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. ತರಬೇತಿ ಪಡೆದವರ ಪಟ್ಟಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು, ಅಷ್ಟೆ. ಬಸವರಾಜಪ್ಪ ಕನ್ನಡಕ ಕಳಚಿ ನನ್ನ ಕೈಗಿತ್ತು, ಸಹಿ ಹಾಕಿ, ಪಾಳಿಗೆ ಹೊರಟರು. ಅದೇ ಯಂತ್ರಕ್ಕೆ.

ನಾಳೆ ಯಾರದಾದರೂ ಬೆರಳು ಹೋದರೆ ಆ ಪಟ್ಟಿ ಹೊರಗೆ ಬರುತ್ತದೆ, ನಾವು ಕಲಿಸಿದ್ದೆವಲ್ಲ ಎಂದು ಹೇಳುವುದಕ್ಕೆ. ಕಲಿಸಿದವರು ಎಂಬಲ್ಲಿ ನನ್ನ ಸಹಿಯಿದೆ. ಬಸವರಾಜಪ್ಪನವರ ಮಾತು ಕೇಳಿದ ಮೇಲೆ ಹಾಕಿದ ಸಹಿ ಅದು.