ಬರೆಯದ ಕೈ

ಸಕ್ರಿಬಾಯಿಯವರ ಬಲಗೈಗೆ ಆ ಪಟ್ಟಿಯನ್ನು ಕಟ್ಟಿದವನು ನಾನೋ, ಅವರೇ ಕಟ್ಟಿಕೊಂಡರೋ ಎಂಬುದು ನನಗೀಗ ಖಚಿತವಿಲ್ಲ. ಖಚಿತವಿದ್ದ ಕಾಲವೊಂದಿತ್ತು, ಆಗ ಆ ಕಥೆಯನ್ನು ನಾಲ್ಕು ಜನರೆದುರು ನಗುನಗುತ್ತ ಹೇಳುತ್ತಿದ್ದೆ, ಹೇಳಿದಷ್ಟೂ ಅದು ನುಣುಪಾಗುತ್ತಿತ್ತು. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ ನನ್ನ ಬಲಗೈಯ ಗಡಿಯಾರ ಗುರ್ರೆಂದು ನಡುಗಿ, ಭಲೇ, ಚೆನ್ನಾಗಿ ನಡೆಯುತ್ತಿದ್ದೀರಿ ಎಂಬರ್ಥದ ಹಸಿರು ಗುರುತೊಂದನ್ನು ತೋರಿಸಿತು. ನಿಂತಲ್ಲೇ ನಿಂತು ದಂತಧಾವನ ಮಾಡುವವನನ್ನು ಪಾದಚಾರಿಯೆಂದು ಪ್ರಮಾಣೀಕರಿಸುವ ಈ ಯಂತ್ರದ ಔದಾರ್ಯಕ್ಕೆ ನಗಬೇಕಿತ್ತು. ನಗು ಬರಲಿಲ್ಲ. ಬಾಯಲ್ಲಿ ನೊರೆಯಿತ್ತು, ಮನಸ್ಸಿನಲ್ಲಿ ಸೂರಗೊಂಡನಕೊಪ್ಪವಿತ್ತು.

ಹಿನ್ನೆಲೆಯಿಲ್ಲದೆ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಿಶ್ವವಿದ್ಯಾಲಯದಲ್ಲಿ ಆರೋಗ್ಯ, ವ್ಯಾಯಾಮ, ಡಿಜಿಟಲ್ ಕಲೆ ಮೂರನ್ನೂ ಒಂದೇ ನೊಗಕ್ಕೆ ಹೂಡುವ ಸಂಶೋಧನೆಯೊಂದು ಮಂಜೂರಾಯಿತು. ನೊಗಕ್ಕೆ ಎರಡೇ ಕೊರಳೆಂಬ ಸಣ್ಣ ಸಂಗತಿಯನ್ನು ಯಾರೂ ಎತ್ತಲಿಲ್ಲ. ಆರೋಗ್ಯದ ಪರವಾಗಿ ಒಬ್ಬ ಡಾಕ್ಟರಮ್ಮ, ಕಲೆಯ ಪರವಾಗಿ ಕಂಪ್ಯೂಟರಿನಲ್ಲೇ ಚಿತ್ರ ಬಿಡಿಸುವ ಗೆಳೆಯ ರಘು, ವ್ಯಾಯಾಮದ ಪರವಾಗಿ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಜನರ ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ಒಂದು ವಾರ ಕಟ್ಟಬೇಕು. ಅದು ಎಣಿಸಿದ್ದನ್ನು ನೋಡಿ ಡಾಕ್ಟರಮ್ಮ ಸಲಹೆ ಬರೆಯಬೇಕು. ಅದನ್ನೇ ರಘು ಬಣ್ಣದ ಗೆರೆಗಳಾಗಿಸಿ ಒಬ್ಬೊಬ್ಬರ ನಡಿಗೆಗೂ ಒಂದೊಂದು ಚಿತ್ರ ಮಾಡಬೇಕು. ನಾನು ಎಲ್ಲವನ್ನೂ ಅನುಮಾನಿಸಿ ಪ್ರಬಂಧ ಬರೆಯಬೇಕು. ಅನುಮಾನ ನನ್ನ ವೃತ್ತಿ. ವಿಭಾಗದಲ್ಲಿ ನನಗೆ, ಹೊರಗೆ ಬಿಸಿಲಿದೆಯೆಂದರೂ ಆಧಾರ ಕೇಳುವವನೆಂದು ಹೆಸರು.

ಪಟ್ಟಿ ಕಟ್ಟುವುದಕ್ಕೊಂದು ನಿಯಮವಿತ್ತು. ದುಡಿಯುವ ಕೈ ಸುಮ್ಮನಿರುವುದಿಲ್ಲ, ಅದರ ಅಲುಗಾಟವೆಲ್ಲ ಹೆಜ್ಜೆಯಾಗಿಬಿಡುತ್ತದೆ. ಆದ್ದರಿಂದ ಇನ್ನೊಂದು ಕೈಗೆ ಕಟ್ಟಬೇಕು. ಇದನ್ನು ಪ್ರಶ್ನಾವಳಿಯಲ್ಲಿ ಚೊಕ್ಕವಾಗಿ, 'ಬರೆಯದ ಕೈ ಯಾವುದು?' ಎಂದು ಬರೆದವನು ನಾನೇ. ಇಷ್ಟರಮಟ್ಟಿಗೆ ನನ್ನ ನೆನಪು ಸರಿಯಿದೆ, ಏಕೆಂದರೆ ಆ ವಾಕ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ಕೈಗೆ ಕಟ್ಟಿ ಕಾಲನ್ನು ಅಳೆಯುವ ಈ ವಿದ್ಯೆಗೆ ಮೊದಲ ಪೆಟ್ಟು ಬಿದ್ದದ್ದು ಜಗಳೂರು ಸೀಮೆಯ ಬಿಳಿಚೋಡಿನಲ್ಲಿ. ಅಲ್ಲಿಯ ಕುರಿಗಾಹಿ ತಿಪ್ಪಣ್ಣ ಬೆಳಗಿನಿಂದ ಸಂಜೆಯವರೆಗೆ ನಡೆಯುವವರು. ಆದರೆ ಆ ಕಡೆಯ ಕುರಿಗಾಹಿಗಳಂತೆ ಅವರೂ ಕೋಲನ್ನು ಹೆಗಲ ಮೇಲೆ ಅಡ್ಡಲಾಗಿಟ್ಟು, ಎರಡೂ ಕೈಗಳನ್ನು ಅದರ ಮೇಲೆ ಜೋತುಹಾಕಿಕೊಂಡು ನಡೆಯುತ್ತಾರೆ. ಕಾಲುಗಳು ಹರದಾರಿಗಟ್ಟಲೆ ಸವೆಸುತ್ತಿದ್ದರೂ ಕೈ ಕದಲುವುದಿಲ್ಲ. ಪಟ್ಟಿ ಅವರನ್ನು ಪರಮ ಸೋಮಾರಿಯೆಂದು ತೀರ್ಮಾನಿಸಿತು. ಡಾಕ್ಟರಮ್ಮ, ದಿನಾ ಸ್ವಲ್ಪ ನಡೆಯಿರಿ ಎಂದು ಬರೆದುಕೊಟ್ಟರು. ತಿಪ್ಪಣ್ಣ ಚೀಟಿಯನ್ನು ಓದಿಸಿಕೊಂಡು ಕೇಳಿ, "ಆತು ಬಿಡ್ರಿ. ನಾನು ನಡೆಯಾಕೆ ಹೋಗ್ತೀನಿ, ಕುರಿ ನೀವು ನೋಡ್ಕಳ್ರಿ" ಎಂದರು. ನಾವೆಲ್ಲ ನಕ್ಕೆವು. ನಕ್ಕದ್ದರಿಂದಲೇ ಪಾಠ ಕಲಿಯುವುದು ಬಾಕಿ ಉಳಿಯಿತೆಂದು ಈಗ ತೋರುತ್ತದೆ. ನಗು ಕೆಲವೊಮ್ಮೆ ತಪ್ಪಿಗೆ ಕೊಡುವ ರಜೆ.

ಸಕ್ರಿಬಾಯಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದವರು, ಅರವತ್ತರ ಆಸುಪಾಸು. ಲಂಬಾಣಿಗಳ ಪುಣ್ಯಕ್ಷೇತ್ರವಾದ ಆ ಊರಿಗೆ ಯಾತ್ರೆ ಬರುವವರ ಸಂದಣಿಯಿಂದ ತುಸು ದೂರದ ಮನೆಯ ಜಗಲಿಯಲ್ಲಿ ಕೂತು, ಕೆಂಪು ಬಟ್ಟೆಗೆ ಕನ್ನಡಿ ಚೂರು ಕೂರಿಸಿ ಲಂಬಾಣಿ ಕಸೂತಿ ಹಾಕುತ್ತಿದ್ದರು. ಬಲ ಮಂಡಿಯಲ್ಲಿ ನೋವು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು, ಅದರ ಮಸಿ ಇನ್ನೂ ಒಣಗಿರಲಿಲ್ಲ. ಅಂಥವರ ಮುಂದೆ ಕೂತು ನಾನು ನನ್ನ ಹೆಮ್ಮೆಯ ವಾಕ್ಯವನ್ನು ಓದಿದೆ. ಅವರು ತಮ್ಮ ಎರಡು ಕೈಗಳನ್ನೂ ಹೊಸದಾಗಿ ಕಂಡವರಂತೆ ನೋಡಿಕೊಂಡು, "ನಾನು ಯಾವ ಕೈಲೂ ಬರೆಯಲ್ಲ ಸಾರ್. ಈಗ ಯಾವುದು ಕೊಡ್ಲಿ?" ಎಂದರು.

ಇಲ್ಲಿಂದ ಮುಂದೆ ನನ್ನ ನೆನಪು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ ಅವರು ಬಲಗೈ ಚಾಚುತ್ತಾರೆ, ಮನೆಗೆ ಬಂದವರಿಗೆ ಎಡಗೈ ನೀಡುವುದುಂಟೇ, ನಾನು ಕಟ್ಟುತ್ತೇನೆ. ಇನ್ನೊಂದರಲ್ಲಿ ನಾನು ಪಟ್ಟಿಯನ್ನು ಅವರ ಕೈಗಿತ್ತು ಸೂಚನೆ ವಿವರಿಸುತ್ತೇನೆ, ಅವರು ಗಮನ ಕೊಡದೆ ಬಲಗೈಗೆ ಬಿಗಿದುಕೊಳ್ಳುತ್ತಾರೆ. ಎರಡನೆಯದರಲ್ಲಿ ನನ್ನ ದನಿ ಬಹಳ ಗಂಭೀರವಾಗಿದೆ, ಭಂಗಿಯೂ ಚೆನ್ನಾಗಿದೆ. ಈ ಚೆಂದವೇ ನನ್ನ ಅನುಮಾನಕ್ಕೆ ಕಾರಣವಾಗಬೇಕಿತ್ತು. ಪರರ ನೆನಪಿಗೆ ಆಧಾರ ಕೇಳುವವನು ನಾನು, ನನ್ನದಕ್ಕೆ ಕೇಳಲಿಲ್ಲ.

ವಾರ ಕಳೆದು ಪಟ್ಟಿ ಬಿಚ್ಚಿದಾಗ, ನಾಲ್ಕೂ ತಾಲ್ಲೂಕುಗಳಲ್ಲಿ ಎಲ್ಲರಿಗಿಂತ ಹೆಚ್ಚು ನಡೆದವರು ಸಕ್ರಿಬಾಯಿ. ಡಾಕ್ಟರಮ್ಮ ಬೆಚ್ಚಿಬಿದ್ದರು. ಇಷ್ಟು ನಡೆದರೆ ಮಂಡಿ ಏನಾಗಬೇಕು, ನಡಿಗೆ ಆದಷ್ಟು ಕಡಿಮೆ ಮಾಡಿ, ಕೂತು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಬರೆದರು. ರಘುವಂತೂ ಆ ಅಂಕಿಗಳಿಂದ ಕಪ್ಪು ತೆರೆಯ ಮೇಲೆ ಕೆಂಪು ಗೆರೆಗಳು ಒತ್ತೊತ್ತಾಗಿ ಹರಿಯುವ ಚಿತ್ರ ಮಾಡಿದ. ನಮ್ಮ ಪ್ರದರ್ಶನದಲ್ಲಿ ಜನ ಅದರ ಮುಂದೆಯೇ ನಿಲ್ಲುತ್ತಿದ್ದರು. 'ದಣಿವರಿಯದ ಗ್ರಾಮೀಣ ಮಹಿಳೆ' ಎಂದು ಅದಕ್ಕೆ ಅಡಿಬರಹ ಕೊಟ್ಟವನು ನಾನು. ಅನುಮಾನಿಸಬೇಕಾದವನು ಅಲಂಕಾರಕ್ಕೆ ಇಳಿದಿದ್ದೆ.

ಕೆಲವು ತಿಂಗಳ ಬಳಿಕ ರಘುವೂ ನಾನೂ ಚಿತ್ರಗಳನ್ನು ಅವರವರಿಗೇ ತೋರಿಸಲು ಹೊರಟೆವು. ಹೊನ್ನಾಳಿಯಲ್ಲಿ ಚಹಾ ಕುಡಿದು ನ್ಯಾಮತಿ ದಾಟಿ ಹೋದಾಗ ಸಕ್ರಿಬಾಯಿ ಅದೇ ಜಗಲಿಯಲ್ಲಿದ್ದರು, ಆದರೆ ನಮ್ಮನ್ನು ಕಂಡು ಏಳಲು ಗೋಡೆ ಹಿಡಿದರು. ರಘು ಲ್ಯಾಪ್‌ಟಾಪ್ ತೆರೆದು, "ನೋಡ್ರಮ್ಮ, ಇದು ನಿಮ್ಮ ನಡಿಗೆ" ಎಂದ. ಅವರು ಬಾಗಿ ನೋಡಿದರು. ಬೆರಳನ್ನು ತೆರೆಗೆ ತಾಗಿಸದೆ ಗೆರೆಗಳ ಮೇಲೇ ಸರಿಸುತ್ತ ಹೋದರು.

"ಇದು ನಡಿಗೆ ಅಲ್ಲಪ್ಪ, ಹೊಲಿಗೆ. ಇಲ್ಲಿ ನೋಡು, ಸಾಲು ಒಂದೇ ಸಮ ಬಂತು, ಇಲ್ಲಿ ಬಿಡ್ತು. ದಾರ ಮುಗೀತು, ಸೂಜಿಗೆ ಬ್ಯಾರೆ ದಾರ ಪೋಣಿಸಿದ್ದು. ಇಲ್ಲಿ ಮತ್ತೆ ಶುರು. ಈ ಸಣ್ಣಸಣ್ಣವು ಐತಲ್ಲ, ಕನ್ನಡಿ ಸುತ್ತ ಹಾಕಿದ್ದು."

ರಘು ತೆರೆಯನ್ನು ಅವರತ್ತ ಇನ್ನಷ್ಟು ವಾಲಿಸಿದ. ಅವನ ಮಹತ್ಕೃತಿಯನ್ನು ಅಷ್ಟು ಸರಿಯಾಗಿ ಓದಿದ ವಿಮರ್ಶಕರು ಅದುವರೆಗೂ ಯಾರೂ ಸಿಕ್ಕಿರಲಿಲ್ಲ. ನಾನು ಮಾತ್ರ ಮಂಡಿಯತ್ತ ನೋಡುತ್ತಿದ್ದೆ. ಹೇಗಿದೆ ಎಂದು ಕೇಳಿದೆ.

"ಹೆಂಗಿರುತ್ತೆ? ಕೂತ್ಕ ಅಂದ್ರಿ, ಕೂತೆ. ಮೊದ್ಲು ಸಂಜೆ ತಾಂಡಾಕ್ಕೆ ಮಗಳ ಮನಿಗೆ ಹೋಗಿ ಬರ್ತಿದ್ದೆ. ಡಾಕ್ಟ್ರು ಬ್ಯಾಡ ಅಂದ್ರು ಅಂತ ಬಿಟ್ಟೆ. ಈಗ ಕಾಲು ಮಡಿಚಾಕೂ ಬರಲ್ಲ. ಮಗಳು, ಅವ್ವ ಸಿಟ್ಟಾಗೈತೆ ಅಂತ ಮಾತೇ ಬಿಟ್ಟಾಳೆ."

ಡಾಕ್ಟರಮ್ಮನಿಗೆ ಅಲ್ಲಿಂದಲೇ ಫೋನು ಮಾಡಿದೆವು. ಕೂತೇ ಇರುವ ಮಂಡಿಗೆ ಇನ್ನೂ ಕೂರುವ ಸಲಹೆ ಕೊಟ್ಟದ್ದು ತಿಳಿದು ಅವರು, ಫೋನನ್ನು ಅಮ್ಮನ ಕೈಗೆ ಕೊಡಿ ಎಂದರು. ಆಮೇಲೆ ಸಕ್ರಿಬಾಯಿಯವರ ಬಳಿಯೇ ಕ್ಷಮೆ ಕೇಳಿ, ದಿನಾ ನಿಧಾನವಾಗಿ ನಡೆಯಿರಿ, ನಾನೇ ಬಂದು ನೋಡುತ್ತೇನೆ ಎಂದರು, ಬಂದರೂ ಕೂಡ. ನನ್ನಿಂದ ಅಷ್ಟು ನೇರವಾದ ವಾಕ್ಯ ಹೊರಡಲಿಲ್ಲ. "ಆ ಕೈಯಲ್ಲಿ ಹೊಲಿಯುತ್ತೀರೆಂದು ಅವತ್ತೇ ಹೇಳಬಹುದಿತ್ತಲ್ಲ" ಎಂದುಬಿಟ್ಟೆ. ಅವರು ನನ್ನನ್ನು ದಿಟ್ಟಿಸಿ, "ಹೇಳಿದ್ನಲ್ಲ ಸಾರ್" ಎಂದರು. ವಾದಕ್ಕೆ ನಿಲ್ಲಲಿಲ್ಲ. "ನಿಮಗೆ ಅವತ್ತು ಆತುರ" ಎಂದಷ್ಟೇ ಸೇರಿಸಿ, ಚಹಾಕ್ಕೆ ಬೆಲ್ಲವೋ ಸಕ್ಕರೆಯೋ ಕೇಳಿದರು.

ಆ ಸಂಜೆ ಅವರೊಡನೆ ಮಗಳ ಮನೆಯವರೆಗೆ ನಡೆದೆ. ಮೂರು ಕಡೆ ಕೂತೆವು. ಎರಡು ಸಲ ಅವರಿಗಾಗಿ, ಒಂದು ಸಲ ನನಗಾಗಿ. "ಸಾರ್, ನಿಮಗೂ ಒಂದು ಪಟ್ಟಿ ಕಟ್ಟಬೇಕಿತ್ತು" ಎಂದು ಅವರು ನಕ್ಕರು. ಮಗಳು ಬಾಗಿಲಲ್ಲಿ ನಿಂತು ಮೊದಲು ಮುಖ ತಿರುಗಿಸಿದಳು, ತಾಯಿ ಕುಂಟುವುದನ್ನು ಕಂಡು ಓಡಿಬಂದಳು. ಅವರಿಬ್ಬರು ತಮ್ಮ ಭಾಷೆಯಲ್ಲಿ ಆಡಿದ್ದು ನನಗೆ ತಿಳಿಯಲಿಲ್ಲ. ನನ್ನತ್ತ ಕೈ ತೋರಿಸಿ ಆಡಿದ್ದು ಮಾತ್ರ ತಿಳಿಯಿತು.

ಇಷ್ಟಾದ ಮೇಲೂ ಪ್ರಬಂಧದಲ್ಲಿ ನಾನು ಮಾಡಿದ್ದು ಕೇಳಿ. ಅವರ ಅಂಕಿಗಳನ್ನು ಕೈಬಿಟ್ಟೆ, ಅದು ಸರಿ. ಏಕೆ ಕೈಬಿಟ್ಟೆನೆಂದು ಅಡಿಟಿಪ್ಪಣಿ ಬರೆಯಬೇಕಿತ್ತು. 'ಸಹಭಾಗಿಯು ಸೂಚನೆಯನ್ನು ಪಾಲಿಸಿರಲಿಲ್ಲ' ಎಂದು ಬರೆದೆ. ಸುಳ್ಳು ಬರೆಯುತ್ತಿದ್ದೇನೆಂದು ಅನ್ನಿಸಲಿಲ್ಲ. ಆ ಹೊತ್ತಿಗೆ ಎರಡನೆಯ ನೆನಪೇ ಮೊದಲನೆಯದಾಗಿತ್ತು. ಪ್ರಬಂಧ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಕ್ರಿಬಾಯಿ ಓದುವುದಿಲ್ಲ, ಓದುವವರು ಅಡಿಟಿಪ್ಪಣಿ ನೋಡುವುದಿಲ್ಲ. ಹೀಗೆ ಇಬ್ಬರ ನಡುವೆ ನಾನು ಸುರಕ್ಷಿತನಾಗಿದ್ದೆ. ಆದರೆ "ಹೇಳಿದ್ನಲ್ಲ ಸಾರ್" ಎಂಬುದು ಆಗಾಗ ಎದ್ದು ಕೂರುತ್ತಿತ್ತು. ಪರೀಕ್ಷಿಸಲು ದಾರಿಯೂ ಇತ್ತು: ಒಪ್ಪಿಗೆ ಪಡೆಯುವ ಮಾತುಕತೆಯನ್ನೆಲ್ಲ ಹಳೆಯ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆವು. ಆ ಫೋನು ನನ್ನ ಬೀರುವಿನಲ್ಲೇ ಇತ್ತು. ಅದರ ಚಾರ್ಜರ್ ಸಿಗುತ್ತಿಲ್ಲವೆಂದು ನಾನು ಎಷ್ಟೋ ಕಾಲ ನನಗೇ ಹೇಳಿಕೊಂಡಿದ್ದೆ, ನಿಜವೆಂದರೆ ಹುಡುಕಿರಲಿಲ್ಲ.

ಇವತ್ತು ಬಾಯಿ ಮುಕ್ಕಳಿಸಿ, ಗಡಿಯಾರ ಬಿಚ್ಚಿ ಬಚ್ಚಲ ಕಿಟಕಿಯಲ್ಲಿಟ್ಟು, ಚಾರ್ಜರ್ ಹುಡುಕಿದೆ. ಮೊದಲ ಡ್ರಾಯರಿನಲ್ಲೇ ಇತ್ತು. ಧ್ವನಿಮುದ್ರಣದಲ್ಲಿ ಮೊದಲು ಒಂದು ಕೋಳಿಯ ಕೂಗು, ಆಮೇಲೆ ಪ್ರಶ್ನಾವಳಿಯ ನನ್ನ ಓದು. ಪಟ್ಟಿಯನ್ನು ಕಟ್ಟಿದವರು ಯಾರೆಂಬುದು ಧ್ವನಿಯಲ್ಲಿ ಕಾಣಿಸುವುದಿಲ್ಲ, ಅದು ಇನ್ನು ತಿಳಿಯುವುದೂ ಇಲ್ಲ. ಅಡಿಟಿಪ್ಪಣಿಯನ್ನು ತಿದ್ದಬೇಕೆಂದು ಪತ್ರಿಕೆಯವರಿಗೆ ಬರೆದ ಪತ್ರ ಮೇಜಿನ ಮೇಲಿದೆ, ಅದಕ್ಕೆ ಆಧಾರವಾಗಿ ನಾನು ಮೂರು ಸಲ ಕೇಳಿ ದೃಢಪಡಿಸಿಕೊಂಡದ್ದು ಇಷ್ಟೇ: ಸಕ್ರಿಬಾಯಿ, "ಈ ಕೈಲಿ ಸೂಜಿ ಹಿಡಿತೀನಿ ಸಾರ್, ಏನೂ ಆಗಲ್ವಾ?" ಎಂದು ಕೇಳಿದ್ದಾರೆ, ನಾನು, "ಏನೂ ಆಗಲ್ಲ, ಮುಂದಿನ ಪ್ರಶ್ನೆ" ಎಂದಿದ್ದೇನೆ.