ಓಬಳಮ್ಮ ಬೆಂಗಳೂರಿಗೆ ಒಯ್ದ ಗಿಡ

ವೈ.ಎನ್.ಹೊಸಕೋಟೆಯ ನನ್ನ ಮಂಡಿಗೆ ಕಡಲೆಕಾಯಿ ತರುವವರಲ್ಲಿ ಓಬಳಮ್ಮನಷ್ಟು ನನ್ನ ಬೆವರಿಳಿಸಿದವರು ಬೇರೆ ಇಲ್ಲ. ನಾನು ಒಂದು ಕಾಯಿ ಒಡೆದು ‘ಹಸಿ ಇದೆ’ ಎಂದರೆ, ಆಕೆ ಅದೇ ಚೀಲದಿಂದ ಹತ್ತು ಕಾಯಿ ಒಡೆದು ನನ್ನ ಬಾಯಿಗೇ ಹಾಕುತ್ತಾಳೆ. ಅಗಿದ ಮೇಲೆ ಸುಳ್ಳು ಹೇಳುವುದು ಕಷ್ಟ.

ಆಕೆಯ ತಮ್ಮ ರಂಗಸ್ವಾಮಿ ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದ. ಒಂದು ಶ್ರಾವಣದಲ್ಲಿ ಅವರ ಹೊಲದ ಬದುವಿನ ಮಗ್ಗುಲಲ್ಲಿ ಪಕ್ಕದೂರಿನವನೊಬ್ಬ ಹೆಣವಾಗಿ ಬಿದ್ದಿದ್ದ. ರಂಗಸ್ವಾಮಿ ಮಚ್ಚು ಬೀಸಿದ್ದನ್ನು ಕಂಡೆ ಎಂದವನು ಚಿಕ್ಕಹನುಮಯ್ಯ ಒಬ್ಬನೇ. ಅವನು ಕೆಡುಕನಲ್ಲ. ಆದರೆ ಊರಿನಲ್ಲಿ ಏನೇ ನಡೆಯಲಿ, ‘ನಾನೇ ಕಣ್ಣಾರೆ ಕಂಡೆ’ ಎನ್ನದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ತಾನು ಹುಟ್ಟುವ ಮುಂಚಿನ ಮದುವೆಯ ಊಟವನ್ನೂ ಪಂಕ್ತಿಯಲ್ಲಿ ಕೂತವನಂತೆ ವರ್ಣಿಸುತ್ತಾನೆ. ನಾವು ನಗುತ್ತಿದ್ದೆವು. ಕೋರ್ಟು ನಗಲಿಲ್ಲ, ರಂಗಸ್ವಾಮಿಗೆ ಜೀವಾವಧಿ ಕೊಟ್ಟಿತು.

ಹೈಕೋರ್ಟಿಗೆ ಮೇಲ್ಮನವಿ ಹಾಕಿ ನಾಲ್ಕು ವರ್ಷವಾಗಿತ್ತು. ಒಂದು ಮಧ್ಯಾಹ್ನ ಓಬಳಮ್ಮ ಕೇಸಿನ ಕಾಗದಗಳ ಕಟ್ಟನ್ನು ತಂದು ನನ್ನ ಮುಂದಿಟ್ಟಳು.

“ಓದಿ ಸಾವ್ಕಾರ್ರೆ. ಆ ಹನುಮಯ್ಯ ಅದೇನಂದವ್ನೆ ಅಂತ ನನ್ ಕಿವೀಲೇ ಕೇಳ್ಬೇಕು.”

ಓದಿದೆ. ‘ನಾನು ಬೆಳೆಯ ಮರೆಯಲ್ಲಿ ನಿಂತು ನೋಡಿದೆ. ಆರೋಪಿ ನನ್ನನ್ನು ನೋಡಲಿಲ್ಲ.’

“ನಿಲ್ಸಿ. ಯಾವ್ ಬೆಳೆ?”

ಹಾಳೆ ತಿರುವಿದೆ. ಪೊಲೀಸರ ಸ್ಥಳ ಮಹಜರಿನಲ್ಲೇ ಇತ್ತು: ಸುತ್ತ ಕಡಲೆಕಾಯಿ ಬೆಳೆ.

“ಆರಡಿ ಆಳು ಕಳ್ಳೆಕಾಯಿ ಗಿಡದ ಮರೇಲಿ ಹೆಂಗೆ ನಿಂತ್ಕಂತಾನೆ? ಓತಿಕೇತನಂಗೆ ಮಲಗ್ಬೇಕು. ಮಲಗಿದ್ರೆ ಬದುವಿನಾಚೆ ಏನ್ ಕಾಣ್ತದೆ, ಆಕಾಶನಾ?”

ಮೊಣಕಾಲನ್ನೂ ಮುಟ್ಟದ ಗಿಡ! ಎರಡೂ ಕಡೆಯ ವಕೀಲರು ಬೆಳೆ ಎಂದರೆ ಜೋಳವೇನೋ ಎಂದುಕೊಂಡಿರಬೇಕು. ಅವರನ್ನು ಬೈದು ಏನು ಬಂತು. ಮೂವತ್ತು ವರ್ಷ ಕಡಲೆಕಾಯಿ ಮಾರಿ ಮನೆ ಕಟ್ಟಿದ ನಾನೇ ಆ ಮಾತನ್ನು ಸರಾಗವಾಗಿ ಓದಿ ದಾಟುತ್ತಿದ್ದೆ. ನನಗೆ ಗೊತ್ತಿರುವುದು ಚೀಲ ಮಾತ್ರ.

ಆಗಲೂ ಹೊಲದಲ್ಲಿ ಕಡಲೆಕಾಯಿಯೇ ಇತ್ತು. ಮರುದಿನ ಆಕೆ ಬೇರುಸಹಿತ ಒಂದು ಗಿಡ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಕಾಗದ ಓದಲು ನನ್ನನ್ನೂ ಎಳೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ಮೇಲ್ಮನವಿ ನಡೆಸುತ್ತಿದ್ದ ವಕೀಲೆ ಸಹನಾ ಅವರ ಮೇಜಿನ ತುಂಬ ಕೆಂಪು ಮಣ್ಣು.

“ಅಮ್ಮಾ, ಇದನ್ನ ಕೋರ್ಟಲ್ಲಿ ಇಡೋಕೆ ಬರಲ್ಲ.”

“ಇಡಬ್ಯಾಡಿ ತಾಯಿ. ನೀವ್ ನೋಡಿ. ಇದ್ರ ಹಿಂದೆ ಒಸಿ ನಿಂತ್ಕಂಡು ತೋರ್ಸಿ.”

ಸಹನಾ ಗಿಡವನ್ನು ನೆಲಕ್ಕಿಟ್ಟು ಅದರ ಹಿಂದೆ ನಿಂತೇಬಿಟ್ಟರು. ಮರೆಯಾದದ್ದು ಪಾದ, ಹೆಚ್ಚೆಂದರೆ ಮೀನಖಂಡ. ನಗುತ್ತಲೇ ಪೆನ್ನು ಎತ್ತಿಕೊಂಡರು.

ಹೈಕೋರ್ಟು ಅವರ ವಾದ ಒಪ್ಪಿತು. ನಿಂತಿದ್ದರೆ ಚಿಕ್ಕಹನುಮಯ್ಯ ಎಲ್ಲರಿಗೂ ಕಾಣುತ್ತಿದ್ದ, ಮಲಗಿದ್ದರೆ ಅವನಿಗೇ ಏನೂ ಕಾಣುತ್ತಿರಲಿಲ್ಲ. ಇಂಥ ಒಬ್ಬನ ಸಾಕ್ಷಿ ನಂಬಿ ಶಿಕ್ಷೆ ಕೊಡಲಾಗದು ಎಂದು ರಂಗಸ್ವಾಮಿಯನ್ನು ಬಿಡುಗಡೆ ಮಾಡಿತು. ಚಿಕ್ಕಹನುಮಯ್ಯ ಈಗ ಮಳೆಯಲ್ಲಿ ನೆನೆದು ಬಂದರೂ ‘ಮಳೆ ಬಂತಂತೆ’ ಎನ್ನುತ್ತಾನೆ.

ರಂಗಸ್ವಾಮಿ ಮಾತ್ರ ಒಬ್ಬನೇ ಹೊಲಕ್ಕೆ ಹೋಗುವುದಿಲ್ಲ. ಯಾರು ಎಲ್ಲಿಂದ ಏನು ಕಂಡೆ ಎನ್ನುತ್ತಾರೋ ಎಂಬ ಭಯ. ತನ್ನವರೊಬ್ಬರು ನೋಡುತ್ತಿರಬೇಕು. “ಇಷ್ಟುದ್ದ ಗಂಡ್ಸಿಗೆ ಕಾವಲು ಕಾಯೋದೇ ಆಯ್ತು” ಎಂದು ಬೈಯುತ್ತಲೇ ಓಬಳಮ್ಮ ದಿನಾ ಜೊತೆಗೆ ಹೋಗುತ್ತಾಳೆ. ಮೊನ್ನೆ ಅವರ ಹೊಲದ ದಾರಿಯಲ್ಲಿ ಬರುವಾಗ ಕಂಡೆ: ಆಕೆ ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಕಳೆ ಕೀಳುತ್ತಿದ್ದ ತಮ್ಮ ಗಳಿಗೆಗೊಮ್ಮೆ ತಲೆ ಎತ್ತುತ್ತಿದ್ದ.

“ಇಲ್ಲೇ ಇವ್ನಿ ಕಣ್ಲಾ,” ಎಂದಳು. “ಕೀಳು.”